ಎಂಜಿನ್ನಿಗೆ ಗಾಳಿ ಹೆಚ್ಚಾದಾಗ
ಹಳೆಯ ಕಾರ್ಬುರೇಟರ್ ಕಾರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಸದಸ್ಯರು ಗಮನಿಸಬೇಕಾದ ವಿಷಯವಿದು. 1 ಕಿಲೋ ಪೆಟ್ರೋಲ್ ಪೂರ್ಣವಾಗಿ ದಹಿಸಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಇದಕ್ಕಿಂತ ಬಹಳ ಹೆಚ್ಚಾದರೆ ಎಂಜಿನ್ ಮುಗ್ಗರಿಸುತ್ತದೆ, ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಳ್ಳುತ್ತದೆ.

ನನ್ನ ಕಾರಿಗೆ ಹೀಗಾದಾಗ ಗ್ಯಾರೇಜಿನವರು ಹೊಸ ಕಾರ್ಬುರೇಟರ್ ಹಾಕಬೇಕೆಂದರು. ಬಿಲ್ಲು ಪರಿಶೀಲಿಸುವುದೇ ನನ್ನ ವೃತ್ತಿಯಾದ್ದರಿಂದ ಕೂಡಲೇ ಒಪ್ಪಲಿಲ್ಲ. ಬಿಸಿಯಾದ ಎಂಜಿನ್ ಓಡುತ್ತಿರುವಾಗ ಚೋಕನ್ನು ತುಸು ಎಳೆದೆ, ಓಟ ಸುಧಾರಿಸಿತು. ಪೆಟ್ರೋಲಿಗಿಂತ ಗಾಳಿಯೇ ಹೆಚ್ಚೆಂಬುದು ಸ್ಪಷ್ಟವಾಯಿತು. ಬಳಿಕ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೃದುವಾಗಿ ಒತ್ತಿ ಹಿಡಿದೆ. ಬ್ರೇಕ್ ಬೂಸ್ಟರಿನ ಪೈಪನ್ನು ಒತ್ತಿದೊಡನೆ ಎಂಜಿನ್ ಸ್ಥಿರವಾಯಿತು. ಪೈಪಿನ ತುದಿ ಬಿರಿದಿತ್ತು! ಎಂಜಿನ್ ಆರಿಸಿ ಹೊಸ ಪೈಪು ಹಾಕಿ ಕ್ಲಿಪ್ ಬಿಗಿಗೊಳಿಸಿದೆ. ಪೈಪುಗಳೆಲ್ಲ ಸರಿಯಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟನ್ನೂ ಜೆಟ್ಟನ್ನೂ ಪರೀಕ್ಷಿಸಬೇಕು. ಬೂಸ್ಟರಿನ ಪೈಪು ಬಿರಿದಿದ್ದರೆ ಬ್ರೇಕಿನ ಬಲವೂ ಕುಗ್ಗುತ್ತದೆ. ಬದಲಿಸುವವರೆಗೆ ಕಾರನ್ನು ರಸ್ತೆಗಿಳಿಸಬಾರದು.