ನಾಗಾವಿಯ ಘಟಿಕಾಸ್ಥಾನ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲು ಚಿತ್ತಾಪುರವನ್ನು ಹಾದುಹೋಗುತ್ತದೆ. ಆ ಪಟ್ಟಣದ ಸಮೀಪದಲ್ಲಿರುವ ನಾಗಾವಿಯಲ್ಲಿ ಇಂದು ಕಾಣುವುದು ಕಲ್ಲುಕಂಬಗಳ ಹಳೆಯ ಗುಡಿಗಳು. ಒಂದು ಕಾಲದಲ್ಲಿ ಇದು ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇಲ್ಲಿ ಸ್ಥಾಪಿಸಿದ ಘಟಿಕಾಸ್ಥಾನವನ್ನು, ಅಂದರೆ ಉನ್ನತ ವಿದ್ಯಾಲಯವನ್ನು, 1058ರ ಶಾಸನವು ವರ್ಣಿಸುತ್ತದೆ. ಅಲ್ಲಿ ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು 52 ಮಂದಿ, ಉಪಾಧ್ಯಾಯರು ಆರು ಮಂದಿ. ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಉಪಾಧ್ಯಾಯರಷ್ಟೇ ಗ್ರಂಥಪಾಲಕರಿರುವ ವಿದ್ಯಾಲಯ ಇಂದು ಎಲ್ಲಿ ಸಿಕ್ಕೀತು!

ಶಾಸ್ತ್ರ ಬೋಧಿಸುತ್ತಿದ್ದ ಮೂವರಲ್ಲಿ ಒಬ್ಬರು ಕುಮಾರಿಲ ಭಟ್ಟನ ಮತವನ್ನೂ ಇನ್ನೊಬ್ಬರು ಪ್ರಭಾಕರನ ಮತವನ್ನೂ ಹೇಳಿಕೊಡುತ್ತಿದ್ದರು. ಎರಡೂ ಮೀಮಾಂಸೆಯ ಶಾಖೆಗಳೇ. ಆದರೆ ಒಂದು ಒಪ್ಪಿದುದನ್ನು ಇನ್ನೊಂದು ಖಂಡಿಸುತ್ತದೆ. 'ನೆಲದ ಮೇಲೆ ಗಡಿಗೆ ಇಲ್ಲ' ಎಂಬ ಅರಿವು ಹೇಗೆ ಉಂಟಾಗುತ್ತದೆ? ಅದಕ್ಕೆ ಬೇರೆಯೇ ಒಂದು ಪ್ರಮಾಣ ಬೇಕೆಂದು ಭಟ್ಟನು ವಾದಿಸಿದರೆ, ಬೇಕಿಲ್ಲವೆಂದು ಪ್ರಭಾಕರನು ಹೇಳುತ್ತಾನೆ. ಮೂರನೆಯ ಉಪಾಧ್ಯಾಯರ ವಿಷಯ ನ್ಯಾಸವೆಂಬ ವ್ಯಾಕರಣ. ಅದನ್ನು ಬರೆದ ಜಿನೇಂದ್ರಬುದ್ಧಿ ಬೌದ್ಧ ವಿದ್ವಾಂಸ. ವೇದಾಧ್ಯಯನ ನಡೆಯುವ ಆವರಣದಲ್ಲಿ ಬೌದ್ಧನ ಗ್ರಂಥವೂ ಪಾಠವಾಗಿತ್ತು.

ಉಪಾಧ್ಯಾಯರ ಜೀವನಕ್ಕೆಂದು ಭೂಮಿಯನ್ನು ದತ್ತಿಯಾಗಿ ಬಿಡಲಾಗಿತ್ತು. ನಾಳಿನ ಅನ್ನಕ್ಕೆ ಪರರ ಮುಖ ನೋಡಬೇಕಾಗಿಲ್ಲದ ಉಪಾಧ್ಯಾಯನು ತನಗೆ ಸರಿಯೆಂದು ತೋರಿದುದನ್ನು ಅಳುಕಿಲ್ಲದೆ ಹೇಳಬಲ್ಲನು. ಆದರೆ ಆ ಭೂಮಿ ಬೋಧನೆಗಾಗಿ ಬಿಟ್ಟದ್ದು. ಶಿಷ್ಯರನ್ನು ಮರೆತು ಫಲವನ್ನು ಮಾತ್ರ ಉಣ್ಣಲು ಅಲ್ಲ. ಒಂದು ಕೊರತೆಯನ್ನೂ ಮರೆಮಾಚಬಾರದು: ವೇದಾಧ್ಯಯನದ ಅಧಿಕಾರವು ಅಂದು ಕೆಲವರಿಗೆ ಮಾತ್ರ ಇದ್ದುದರಿಂದ, ಈ ವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಇಂದಿನ ಪ್ರಾಧ್ಯಾಪಕರಿಗೆ ಭೂಮಿಯ ಬದಲು ಸಂಬಳವಿದೆ. ಅದೊಂದೇ ಸಾಲದು. ಶಾಸನಗಳನ್ನೂ ವಚನಗಳನ್ನೂ ಆಳವಾಗಿ ಶೋಧಿಸಿದ ಧಾರವಾಡದ ಪ್ರಾಧ್ಯಾಪಕ ಎಂ. ಎಂ. ಕಲಬುರ್ಗಿಯವರು ಶರಣರ ಚರಿತ್ರೆಯನ್ನು ಕುರಿತು 'ಮಾರ್ಗ' ಗ್ರಂಥದಲ್ಲಿ ಬರೆದ ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಸಿಲುಕಿ ಹಿಂತೆಗೆದುಕೊಳ್ಳಬೇಕಾಯಿತು. ಆ ಮಾತುಗಳಿಗೆ ಉತ್ತರವಾಗಿ ಬೇಕಾಗಿದ್ದುದು ಇನ್ನೊಂದು ಗ್ರಂಥ, ಬೆದರಿಕೆಯಲ್ಲ.

1997ರಲ್ಲಿ ಯುನೆಸ್ಕೋ ಸಂಸ್ಥೆಯು ಉನ್ನತ ಶಿಕ್ಷಣದ ಅಧ್ಯಾಪಕರನ್ನು ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿತು. ತನ್ನ ಅರಿವಿಗೂ ಆತ್ಮಸಾಕ್ಷಿಗೂ ವಿರುದ್ಧವಾದುದನ್ನು ಬೋಧಿಸುವಂತೆ ಅಧ್ಯಾಪಕನನ್ನು ಬಲವಂತಪಡಿಸಬಾರದು ಎಂದು ಅದು ಹೇಳುತ್ತದೆ. ಅಧ್ಯಾಪಕನು ಆಧಾರಗಳನ್ನು ಗೌರವಿಸಿ, ಪ್ರಾಮಾಣಿಕವಾಗಿ ಸತ್ಯವನ್ನು ಅರಸಬೇಕೆಂದೂ ಅದೇ ಉಸಿರಿನಲ್ಲಿ ವಿಧಿಸುತ್ತದೆ. ಅದು ಶಿಫಾರಸು ಮಾತ್ರ. ಕಾನೂನಿನ ಬಲ ಅದಕ್ಕಿಲ್ಲ.