ತುರ್ತು ಪರಿಸ್ಥಿತಿ ಮುಗಿದ ಮೇಲೆ ಏನಾಯ್ತು?

ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳ ಹತ್ರ ಸಂಜೆ ಚಹಾ ಕುಡಿಯುತ್ತಾ ನಿಂತರೆ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದೋ ಅಣ್ಣಂದಿರು, ಅಕ್ಕಂದಿರು ಒಬ್ಬರಿಗೊಬ್ಬರು ಪ್ರಶ್ನೆ ಕೇಳೋದು ಕಿವಿಗೆ ಬೀಳುತ್ತೆ. "44ನೇ ತಿದ್ದುಪಡಿ?" "1978!" ಅಷ್ಟೇ, ಮುಂದಿನ ಪ್ರಶ್ನೆ. ಎಂಜಿನಿಯರಿಂಗ್ ಓದೋ ನಮಗೆ ಅಷ್ಟೂ ಗೊತ್ತಿರಲಿಲ್ಲ. ಆ ಒಂದು ಅಂಕದ ಉತ್ತರದ ಹಿಂದೆ ಏನಿದೆ, ನೋಡೋಣ.

1975ರ ಜೂನ್ 25ರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯಂತೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸಿದರು. ಸಂಪುಟಕ್ಕೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. 21 ತಿಂಗಳು ಪತ್ರಿಕೆಗಳ ಬಾಯಿ ಕಟ್ಟಿತ್ತು, ವಿರೋಧಿಗಳು ಜೈಲಿನಲ್ಲಿದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾ ರೋಗಿ. ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು.

ಇಂಥ ಕಾಲ ಮುಗಿದ ಮೇಲೆ ಪ್ರಜಾಪ್ರಭುತ್ವ ಲೆಕ್ಕ ಚುಕ್ತಾ ಮಾಡೋದು ಹೇಗೆ? ನಮ್ಮ ದೇಶ ನಾಲ್ಕು ದಾರಿ ನೋಡಿತು.

ಮೊದಲನೆಯದು ಮತ. 1977ರಲ್ಲಿ ದೇಶ ಕಾಂಗ್ರೆಸ್ಸನ್ನು ಸೋಲಿಸಿತು. ಆದರೆ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ! ಮರುವರ್ಷ ಇಂದಿರಾ ಸಂಸತ್ತಿಗೆ ಮರಳಿದ್ದೂ ನಮ್ಮ ಚಿಕ್ಕಮಗಳೂರಿನಿಂದ. ಅರಸು ಸರ್ಕಾರದ ಭೂಸುಧಾರಣೆಯಿಂದ ಜಮೀನು ಸಿಕ್ಕ ಗೇಣಿದಾರನಿಗೆ ಆ ವರ್ಷಗಳ ನೆನಪೇ ಬೇರೆ. ಹಾಗಾಗಿ ಮತ ಒಂದರಿಂದಲೇ ತೀರ್ಪು ಬರಲ್ಲ.

ಎರಡನೆಯದು ತನಿಖೆ. 1977ರ ಮೇನಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ದೌರ್ಜನ್ಯಗಳನ್ನು ದಾಖಲಿಸಿತು. 1980ರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದರು, ವರದಿ ಮೂಲೆ ಸೇರಿತು. ಅರ್ಜೆಂಟೀನಾ 1985ರಲ್ಲಿ ತನ್ನ ಸೇನಾ ಆಡಳಿತಗಾರರನ್ನು ಕಟಕಟೆಗೆ ಹತ್ತಿಸಿ ಶಿಕ್ಷೆ ಕೊಟ್ಟಿತು. ನಮ್ಮಲ್ಲಿ ಹಾಗಾಗಲಿಲ್ಲ.

ಮೂರನೆಯದು ಕಾನೂನು, ಅಂದರೆ ಆ 44ನೇ ತಿದ್ದುಪಡಿ. ನಮ್ಮ ಭಾಷೇಲಿ ಹೇಳೋದಾದ್ರೆ, ಬಗ್ ಸಿಕ್ಕ ಸಾಲನ್ನೇ ಬದಲಿಸಿದರು. 'ಆಂತರಿಕ ಕ್ಷೋಭೆ' ಅನ್ನೋ ಸಡಿಲ ಪದ ತೆಗೆದು 'ಸಶಸ್ತ್ರ ಬಂಡಾಯ' ಅಂತ ಹಾಕಿದರು. ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯ್ತು. ಜೀವಿಸುವ ಹಕ್ಕಿನ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ.

ನಾಲ್ಕನೆಯದು ನ್ಯಾಯಾಲಯ. ಬಂಧಿತರ ಅರ್ಜಿ ಕೇಳಬಹುದು ಅಂತ ಕರ್ನಾಟಕ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರಲ್ಲಿ ಆಗಲ್ಲ ಅಂದಿತು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ ಸೇವಾ ಹಿರಿತನವಿದ್ದರೂ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಿಲ್ಲ. ಆ ತೀರ್ಪು ರದ್ದಾಗಿದ್ದು 2017ರಲ್ಲಿ, 41 ವರ್ಷದ ನಂತರ. ಅದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹಾಕಿದ್ದ ಕೇಸಿನಲ್ಲಿ. ಹಳೇ ತೀರ್ಪಿನ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್. ಅದು ತಪ್ಪು ಅಂತ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಶಿಕ್ಷೆ ಆಗಲಿಲ್ಲ, ತಿದ್ದುಪಡಿ ಉಳಿಯಿತು. ಇಷ್ಟು ಸಾಕಾ? ನಮಗನ್ನಿಸೋದು, ಸಾಲದು. ಕಾಗದದ ಮೇಲಿನ ಕಾನೂನಿಗೆ ಇಲ್ಲ ಅನ್ನೋ ಮನುಷ್ಯರು ಬೇಕು. ನಾಳೆ ಬಂಧನದ ಆದೇಶ ಜಾರಿ ಮಾಡೋರು ಇವತ್ತು ಸಪ್ತಾಪುರದಲ್ಲಿ ಓದ್ತಾ ಕೂತಿರಬಹುದು. ಆಧಾರ್‌ನಂಥ ವ್ಯವಸ್ಥೆ ಕಟ್ಟೋರು ನಮ್ಮ ಕ್ಲಾಸಿನಲ್ಲೇ ಇರಬಹುದು. "1978" ಅನ್ನೋ ಉತ್ತರದ ಜೊತೆ, ಯಾಕೆ ಅನ್ನೋದೂ ನಮಗೆ ಗೊತ್ತಿರಲಿ.