ಅಣುಸ್ಥಾವರದ ಸುರಕ್ಷತಾ ವಾತಾಯನ
ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ 4 ಭಾರಜಲ ರಿಯಾಕ್ಟರ್‌ಗಳಿವೆ. ರಿಯಾಕ್ಟರ್ ಕಟ್ಟಡದೊಳಗೆ ಹೊರಗಿನದಕ್ಕಿಂತ ಕಡಿಮೆ ಒತ್ತಡ ಇರುವುದರಿಂದ ಬಿರುಕಿದ್ದರೂ ಗಾಳಿ ಒಳಕ್ಕೇ ನುಗ್ಗುತ್ತದೆ. ಹೊರಹೋಗುವ ಗಾಳಿಯ ಕಣಗಳನ್ನು ಹೆಪಾ ಶೋಧಕವೂ ವಿಕಿರಣಶೀಲ ಅಯೋಡಿನ್ನನ್ನು ಇದ್ದಿಲು ಶೋಧಕವೂ ಹಿಡಿಯುತ್ತವೆ.

ಕೆನಡಾ, ರಷ್ಯಾದಂಥ ಶೀತದೇಶಗಳಲ್ಲಿ ಇಂಥ ವಾತಾಯನಕ್ಕೆ ಚಳಿಯೇ ದೊಡ್ಡ ಸವಾಲು. ಸಂಕುಚಿತ ಗಾಳಿಯ ಕೊಳವೆಯಲ್ಲಿ ತೇವ ಹೆಪ್ಪುಗಟ್ಟಿದರೆ ಗಾಳಿಯ ಹರಿವನ್ನು ತಡೆದು ಬಿಡುವ ಡ್ಯಾಂಪರ್ ತೆರೆಯದೆ ಸಿಕ್ಕಿಕೊಳ್ಳುತ್ತದೆ. ತಾಪನ ಸುರುಳಿಯ ನೀರು ಗಡ್ಡೆಕಟ್ಟಿದರೆ ಕೊಳವೆಯೇ ಸೀಳುತ್ತದೆ. ಪಶ್ಚಿಮಘಟ್ಟದ ಕೈಗಾಕ್ಕೆ ಆ ಭಯವಿಲ್ಲ. ಇಲ್ಲಿ ಎಚ್ಚರ ಬೇಕಾದದ್ದು ಮಳೆಗಾಲದ ತೇವಾಂಶದ ಬಗ್ಗೆ. ಅದು ಇದ್ದಿಲಿನ ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ.

ವಾತಾಯನದ ವಿಷಯದಲ್ಲಿ ನರೋರಾ ಅಣುಸ್ಥಾವರವನ್ನು ಮರೆಯಬಾರದು: 1993ರ ಮಾರ್ಚ್ 31ರ ಬೆಂಕಿಯಲ್ಲಿ ನಿಯಂತ್ರಣ ಕೊಠಡಿಗೇ ಹೊಗೆ ನುಗ್ಗಿ, ಸಿಬ್ಬಂದಿ ಹೊರಬರಬೇಕಾಯಿತು. ದೇಶದ ಸ್ಥಾವರಗಳ ಸುರಕ್ಷತೆಯನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದರ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ.